ರಾಗಿಯ ಮೂಲವೂ ಎರಡು ಕಾಡುಹುಲ್ಲುಗಳೂ

ಇತಿಹಾಸದ ಅಭ್ಯಾಸಿಗಳು ಸಾಮಾನ್ಯವಾಗಿ ಹುಲ್ಲನ್ನು ಕುರಿತು ಬರೆಯುವುದಿಲ್ಲ. ಶಾಸನ, ನಾಣ್ಯ, ದೇವಾಲಯ, ಕಾವ್ಯಗಳು ನಮ್ಮ ಆಧಾರಸಾಮಗ್ರಿ; ಹುಲ್ಲು ಸಸ್ಯಶಾಸ್ತ್ರಜ್ಞರ ಪಾಲಿನದು. ಆದರೆ ಎರಡು ಕಾಡುಹುಲ್ಲುಗಳನ್ನು ಒಂದೆಂದು ಭಾವಿಸಿದ್ದರಿಂದ ದಕ್ಷಿಣ ಭಾರತದ ಬೇಸಾಯದ ಇತಿಹಾಸದಲ್ಲಿ ಒಂದು ದೊಡ್ಡ ತಪ್ಪು ತಿಳಿವಳಿಕೆ ಬಹುಕಾಲ ಉಳಿದುಕೊಂಡು ಬಂದುದನ್ನು ನೋಡಿದರೆ, ಈ ವಿಭಜನೆ ಅಷ್ಟೇನೂ ಸಮರ್ಪಕವಲ್ಲವೆಂದು ತೋರುತ್ತದೆ. ನಾವು ಇಲ್ಲಿ ವಿಚಾರಿಸಬೇಕೆಂದಿರುವುದು ರಾಗಿಯ ಎರಡು ಹತ್ತಿರದ ಬಂಧುಗಳನ್ನು: ನಮ್ಮ ಹೊಲಗಳಲ್ಲಿಯೂ ದಾರಿಯ ಅಂಚಿನಲ್ಲಿಯೂ ಕಳೆಯಾಗಿ ಬೆಳೆಯುವ ಎಲೂಸೈನ್ ಇಂಡಿಕಾ ಒಂದು, ಆಫ್ರಿಕಾ ಖಂಡದ ಪೂರ್ವ ಮತ್ತು ದಕ್ಷಿಣ ಭಾಗಗಳಲ್ಲಿ ಬೆಳೆಯುವ ಎಲೂಸೈನ್ ಆಫ್ರಿಕಾನಾ ಮತ್ತೊಂದು. ಇವುಗಳಲ್ಲಿ ಯಾವುದು ರಾಗಿಯ ತಾಯಿ ಎಂಬ ಪ್ರಶ್ನೆಯ ಮೇಲೆ, ರಾಗಿ ಈ ನಾಡಿನಲ್ಲಿಯೇ ಹುಟ್ಟಿತೇ ಅಥವಾ ಹೊರಗಿನಿಂದ ಬಂದಿತೇ ಎಂಬ ಪ್ರಶ್ನೆ ನಿಂತಿದೆ.

೧. ಹೆಸರಿನ ಕಥೆ

ಯೂರೋಪಿನ ಸಸ್ಯಶಾಸ್ತ್ರಕ್ಕೆ ಈ ಹುಲ್ಲುಗಳು ಪರಿಚಿತವಾದದ್ದು ಪೂರ್ವದೇಶಗಳ ಮೂಲಕ. ಸ್ವೀಡನ್ನಿನ ಲಿನೇಯಸ್ಸನು 1753ರಲ್ಲಿ ಪ್ರಕಟಿಸಿದ ತನ್ನ ಮಹಾಗ್ರಂಥದಲ್ಲಿ ಈ ಕಳೆಗೆ ಸೈನೋಸೂರಸ್ ಇಂಡಿಕಸ್ ಎಂದು ಹೆಸರಿಟ್ಟನು. ರಾಗಿಗೆ 1759ರಲ್ಲಿ ಸೈನೋಸೂರಸ್ ಕೊರಕಾನಸ್ ಎಂಬ ಹೆಸರು ಬಂದಿತು. ಎರಡನೆಯ ಹೆಸರು ಸಿಂಹಳದಲ್ಲಿ ರಾಗಿಗಿರುವ ಕುರಕ್ಕನ್ ಎಂಬ ಪದದಿಂದ ಬಂದದ್ದು. 1788ರಲ್ಲಿ ಗೇರ್ಟ್ನರನು ಇವೆರಡನ್ನೂ ಬೇರೆಯ ಕುಲಕ್ಕೆ ಸೇರಿಸಿ, ಧಾನ್ಯದೇವತೆಯಾದ ಡಿಮೀಟರಳ ಕ್ಷೇತ್ರವೆನಿಸಿದ್ದ ಗ್ರೀಸಿನ ಎಲ್ಯೂಸಿಸ್ ಪಟ್ಟಣದ ಹೆಸರನ್ನು ಆ ಕುಲಕ್ಕೆ ಕೊಟ್ಟನು. ಹೀಗೆ ನಮ್ಮ ಹೊಲದ ಬೆಳೆಯೂ ಅದರ ಕಳೆಯೂ ಒಂದು ಗ್ರೀಕ್ ಹೆಸರಿನ ಕೆಳಗೆ ಅಣ್ಣತಮ್ಮಂದಿರಂತೆ ನಿಂತವು.

ಇಂಡಿಕಾ ಎಂಬ ಹೆಸರು ಆ ಹುಲ್ಲಿನ ತವರನ್ನು ಹೇಳುವುದಿಲ್ಲ; ಅದನ್ನು ವಿದ್ವಾಂಸರು ಮೊದಲು ಎಲ್ಲಿಂದ ಬಲ್ಲವರಾದರು ಎಂಬುದನ್ನು ಮಾತ್ರ ಹೇಳುತ್ತದೆ. ಆದರೆ ಹೆಸರುಗಳಿಗೆ ಒಂದು ವಿಚಿತ್ರವಾದ ಶಕ್ತಿಯುಂಟು. ಭಾರತದ ಹೆಸರನ್ನು ಹೊತ್ತ ಹುಲ್ಲು ಭಾರತದ್ದೇ ಎಂದೂ, ಅದರ ಹತ್ತಿರದ ಬಂಧುವಾದ ರಾಗಿ ಅದರಿಂದಲೇ ಹುಟ್ಟಿತೆಂದೂ ಊಹಿಸುವುದು ಮುಂದಿನವರಿಗೆ ಸುಲಭವಾಯಿತು. ಬೆಳೆಗಳ ಮೂಲವನ್ನು ಕುರಿತು ಡಿ ಕಾಂಡೋಲ್‌ನು 1883ರಲ್ಲಿ ಬರೆದ ಪ್ರಸಿದ್ಧ ಗ್ರಂಥದಲ್ಲಿ ರಾಗಿಯ ತವರು ಭಾರತವೆಂಬ ಅಭಿಪ್ರಾಯವೇ ಇದೆ. ಅವನು ನೆಮ್ಮಿದ ಆಧಾರಗಳಲ್ಲಿ ರಾಜಿಕಾ ಎಂಬ ಸಂಸ್ಕೃತ ಪದವೂ ಒಂದು. ಆದರೆ ರಾಜಿಕಾ ಎಂದರೆ ಸಾಸಿವೆಯೆಂದು ಸಂಸ್ಕೃತ ನಿಘಂಟುಗಳೇ ಅರ್ಥ ಹೇಳುತ್ತವೆ. ಎರಡೂ ಸಣ್ಣ, ದುಂಡನೆಯ, ಕೆಂಗಪ್ಪು ಛಾಯೆಯ ಕಾಳುಗಳು. ಒಂದರ ಹೆಸರು ಮತ್ತೊಂದಕ್ಕೆ ಸಂದಿರುವುದು ಅಸಾಧ್ಯವಲ್ಲ. ಪದವೊಂದರ ಪ್ರಾಚೀನತೆಯಿಂದ ಬೆಳೆಯ ಪ್ರಾಚೀನತೆಯನ್ನು ಸಾಧಿಸುವುದರಲ್ಲಿರುವ ಅಪಾಯಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ರಷ್ಯದ ವಾವಿಲೋವನು ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ ಬೆಳೆಗಳ ಮೂಲಕೇಂದ್ರಗಳನ್ನು ಗುರುತಿಸುವಾಗ ರಾಗಿಯನ್ನು ಅಬಿಸೀನಿಯದ, ಎಂದರೆ ಇಥಿಯೋಪಿಯದ, ಪಟ್ಟಿಯಲ್ಲಿ ಸೇರಿಸಿದನು. ಹೀಗೆ ಎರಡು ಪಕ್ಷಗಳಾದವು. ಆದರೆ ಎರಡು ಪಕ್ಷದವರಿಗೂ ಒಂದು ಮುಖ್ಯವಾದ ಸಂಗತಿ ಆಗ ಗೊತ್ತಿರಲಿಲ್ಲ. ಇಂಡಿಕಾ ಎಂಬ ಒಂದೇ ಹೆಸರಿನ ಕೆಳಗೆ ಎರಡು ಬೇರೆ ಬೇರೆ ಹುಲ್ಲುಗಳು ಅಡಗಿದ್ದವು.

೨. ಎರಡು ಹುಲ್ಲುಗಳು ಬೇರ್ಪಟ್ಟ ಬಗೆ

1957ರಲ್ಲಿ ಕೆನೆಡಿ-ಓ'ಬರ್ನ್ ಎಂಬ ಸಸ್ಯಶಾಸ್ತ್ರಜ್ಞರು ಇಂಗ್ಲೆಂಡಿನ ಕ್ಯೂ ಉದ್ಯಾನದ ಪತ್ರಿಕೆಯಲ್ಲಿ ಎಲೂಸೈನ್ ಆಫ್ರಿಕಾನಾ ಎಂಬ ಹೊಸ ಪ್ರಭೇದವನ್ನು ವರ್ಣಿಸಿದರು. ಲಿನೇಯಸ್ಸನ ಗ್ರಂಥವಾಗಿ ಅಷ್ಟು ಹೊತ್ತಿಗೆ 204 ವರ್ಷಗಳು ಕಳೆದಿದ್ದವು. ಆ ಎರಡು ಶತಮಾನಗಳಲ್ಲಿ ರಾಗಿಯನ್ನು ಅದರ ಕಾಡುಬಂಧುವಿನೊಡನೆ ಹೋಲಿಸಿದವರು ತಮ್ಮ ಮುಂದಿರುವುದು ಯಾವ ಬಂಧುವೆಂಬುದನ್ನು ಖಚಿತವಾಗಿ ತಿಳಿಯದೆಯೇ ಹೋಲಿಸಿದ್ದರು.

ಅವರನ್ನು ಆಕ್ಷೇಪಿಸುವುದು ಸುಲಭ. ಹುಲ್ಲುಗಳನ್ನು ಕೈಯಲ್ಲಿ ಹಿಡಿದು ನೋಡಿದವರು ಹಾಗೆ ಆಕ್ಷೇಪಿಸಲಾರರು. ಎರಡೂ ಒಂದು ವರ್ಷದ ಬಾಳಿನವು. ಎರಡೂ ಬುಡದಲ್ಲಿ ತೆಂಡೆಯೊಡೆದು ಗುಂಪಾಗಿ ಬೆಳೆಯುತ್ತವೆ. ಎರಡರ ತೆನೆಯಲ್ಲಿಯೂ ಇಲುಕುಗಳು ಕೈಬೆರಳಿನಂತೆ ಒಂದೆಡೆಯಿಂದ ಹರಡಿಕೊಂಡಿರುತ್ತವೆ. ಎರಡರಲ್ಲಿಯೂ ಬಲಿತ ಕಾಳು ತಾನಾಗಿ ಉದುರಿಹೋಗುತ್ತದೆ. ಭೇದಗಳಿರುವುದು ಸೂಕ್ಷ್ಮದಲ್ಲಿ. ಇಂಡಿಕಾ ತೆಳುವಾದ ಗಿಡ. ಅದರ ದಂಟಿನ ಬುಡ ಚಪ್ಪಟೆಯಾಗಿ ಬಿಳಿಚಿಕೊಂಡಿರುತ್ತದೆ. ಆಫ್ರಿಕಾನಾ ಅದಕ್ಕಿಂತ ದೃಢವಾದದ್ದು. ಅದರ ಕಿರುತೆನೆಗಳೂ ಅವುಗಳ ಸಿಪ್ಪೆಗಳೂ ಸ್ವಲ್ಪ ಉದ್ದ. ಎಲೆಯು ದಂಟನ್ನು ಕೂಡುವಲ್ಲಿರುವ ಪೊರೆಯ ಅಂಚಿನಲ್ಲಿ ಸ್ಪಷ್ಟವಾದ ರೋಮಗಳ ಸಾಲಿರುತ್ತದೆ. ಕಾಳಿನಲ್ಲಿಯೂ ಭೇದವಿದೆ. ಇಂಡಿಕಾದ ಕಾಳಿನ ಮೇಲೆ ಓರೆಯಾದ ಏಣುಗಳು ಎದ್ದು ಕಾಣುತ್ತವೆ. ಆಫ್ರಿಕಾನಾದ ಕಾಳಿನಲ್ಲಿ ಏಣುಗಳು ಅಷ್ಟು ಆಳವಲ್ಲ, ಮೈ ಸಣ್ಣ ಹರಳು ಹರಳಾಗಿರುತ್ತದೆ. ರಾಗಿಯ ದುಂಡುಕಾಳಿನ ಮೈಯೂ ಈ ಎರಡನೆಯ ಬಗೆಗೆ ಹತ್ತಿರವಾದದ್ದು.

ಕಣ್ಣಿಗೆ ಇಷ್ಟು ಅಲ್ಪವಾಗಿ ತೋರುವ ಭೇದ, ಸೂಕ್ಷ್ಮದರ್ಶಕದ ಕೆಳಗೆ ಜೀವಕೋಶವನ್ನಿಟ್ಟಾಗ ಬಹು ದೊಡ್ಡದಾಗುತ್ತದೆ. ಇಂಡಿಕಾದ ಜೀವಕೋಶದಲ್ಲಿ 18 ವರ್ಣತಂತುಗಳಿವೆ, ಆಫ್ರಿಕಾನಾದಲ್ಲಿ 36. ರಾಗಿಯಲ್ಲಿಯೂ 36. ಈ ಕುಲದ ಮೂಲ ಸಂಖ್ಯೆ 9. ಆದ್ದರಿಂದ ಇಂಡಿಕಾದಲ್ಲಿ 9ರ ಎರಡು ಗುಂಪುಗಳೂ, ಆಫ್ರಿಕಾನಾ ಮತ್ತು ರಾಗಿಗಳಲ್ಲಿ ನಾಲ್ಕು ಗುಂಪುಗಳೂ ಇವೆ ಎಂದಾಯಿತು.

ಹೀಗಿದ್ದರೂ ಆಫ್ರಿಕಾನಾವನ್ನು ಎಲ್ಲಿ ಕೂರಿಸಬೇಕೆಂಬ ವಿಷಯದಲ್ಲಿ ವಿದ್ವಾಂಸರಿಗೆ ಒಮ್ಮತವಿರಲಿಲ್ಲ. 1972ರಲ್ಲಿ ಆಫ್ರಿಕದ ಎಲೂಸೈನ್‌ಗಳನ್ನು ಸಮೀಕ್ಷೆ ಮಾಡಿದ ಫಿಲಿಪ್ಸ್ ಎಂಬುವರು ಹೊರರೂಪವನ್ನು ಮನ್ನಿಸಿ ಅದನ್ನು ಇಂಡಿಕಾದ ಉಪಪ್ರಭೇದವೆಂದರು. ನಾಲ್ಕು ವರ್ಷಗಳ ಬಳಿಕ, 1976ರಲ್ಲಿ, ಹಿಲು ಮತ್ತು ಡಿ ವೆಟ್ ಎಂಬ ವಿದ್ವಾಂಸರು ವಂಶಸಂಬಂಧವನ್ನು ಮನ್ನಿಸಿ ಅದನ್ನು ರಾಗಿಯ ಉಪಪ್ರಭೇದವೆಂದರು. ಒಂದೇ ಹುಲ್ಲು, ಒಬ್ಬರ ಪಟ್ಟಿಯಲ್ಲಿ ಕಳೆಯ ಮನೆಯದು, ಇನ್ನೊಬ್ಬರ ಪಟ್ಟಿಯಲ್ಲಿ ಬೆಳೆಯ ಮನೆಯದು.

೩. ಧಾರವಾಡದ ಸಾಕ್ಷ್ಯ

ಈ ವಿವಾದದ ತೀರ್ಮಾನದಲ್ಲಿ ಕನ್ನಡನಾಡಿನ ಒಂದು ವಿಶ್ವವಿದ್ಯಾನಿಲಯದ ಪಾಲು ಹಿರಿದಾಗಿದೆಯೆಂಬುದನ್ನು ನಮ್ಮ ವಿದ್ಯಾರ್ಥಿಗಳು ತಿಳಿದಿರಬೇಕು. ಧಾರವಾಡದ ಕರ್ನಾಟಕ ವಿಶ್ವವಿದ್ಯಾನಿಲಯದ ಸಸ್ಯಶಾಸ್ತ್ರ ವಿಭಾಗದಲ್ಲಿ ಎಂ. ಎಸ್. ಚೆನ್ನವೀರಯ್ಯನವರೂ ಎಸ್. ಸಿ. ಹಿರೇಮಠರೂ ರಾಗಿಯನ್ನು ಅದರ ಕಾಡುಬಂಧುಗಳೊಡನೆ ಸಂಕರ ಮಾಡಿ ವರ್ಣತಂತುಗಳ ನಡತೆಯನ್ನು ಪರೀಕ್ಷಿಸಿದರು. ಅದರ ಫಲಿತಾಂಶಗಳು 1974ರಲ್ಲಿ ಪ್ರಕಟವಾದವು. ಹಿರೇಮಠರೂ ಎಸ್. ಎಸ್. ಸಾಲಿಮಠರೂ ಈ ಕೆಲಸವನ್ನು ಮುಂದುವರಿಸಿ 1992ರಲ್ಲಿ ಮತ್ತೊಂದು ಮಹತ್ವದ ಲೇಖನವನ್ನು ಪ್ರಕಟಿಸಿದರು.

ಪರೀಕ್ಷೆಯ ತತ್ತ್ವ ಸರಳವಾದದ್ದು. ತಂದೆತಾಯಿಗಳಿಂದ ಬಂದ ವರ್ಣತಂತುಗಳು ಒಂದೇ ಮೂಲದವಾಗಿದ್ದರೆ, ಸಂತತಿಯ ಬೀಜಕೋಶಗಳು ಹುಟ್ಟುವ ಹೊತ್ತಿನಲ್ಲಿ ಅವು ಜೋಡಿಜೋಡಿಯಾಗಿ ಕೂಡುತ್ತವೆ; ಬೇರೆ ಮೂಲದವಾದರೆ ಒಂಟಿಯಾಗಿ ಉಳಿಯುತ್ತವೆ. ರಾಗಿಯನ್ನೂ ಆಫ್ರಿಕಾನಾವನ್ನೂ ಸಂಕರ ಮಾಡಿದಾಗ 36 ವರ್ಣತಂತುಗಳು 18 ಜೋಡಿಗಳಾಗಿ ಕ್ರಮವಾಗಿ ಕೂಡಿದವು, ಸಂತತಿ ಫಲವತ್ತಾಗಿತ್ತು. ರಾಗಿಯನ್ನೂ ಇಂಡಿಕಾವನ್ನೂ ಸಂಕರ ಮಾಡಿದಾಗ ಹುಟ್ಟಿದ ಗಿಡದಲ್ಲಿ 27 ವರ್ಣತಂತುಗಳಿದ್ದವು: ರಾಗಿಯಿಂದ 18, ಇಂಡಿಕಾದಿಂದ 9. ಅವುಗಳಲ್ಲಿ ಬಹುಮಟ್ಟಿಗೆ 9 ಜೋಡಿಗಳು ಕೂಡಿ 9 ಒಂಟಿಗಳು ಉಳಿದವು. ಇಂಥ ಗಿಡದಿಂದ ವಂಶ ಮುಂದುವರಿಯಲಾರದು.

ಈ ಎರಡು ಫಲಿತಾಂಶಗಳನ್ನು ಒಟ್ಟಿಗಿಟ್ಟು ನೋಡಬೇಕು. ಮೊದಲನೆಯದರಿಂದ, ಆಫ್ರಿಕಾನಾವೇ ರಾಗಿಯ ನೇರವಾದ ಕಾಡುರೂಪವೆಂದು ತಿಳಿಯುತ್ತದೆ. ಎರಡನೆಯದರಿಂದ, ರಾಗಿಯ ಅರ್ಧದಷ್ಟು ಆನುವಂಶಿಕ ಸಾಮಗ್ರಿ ಇಂಡಿಕಾದ್ದು, ಅಥವಾ ಇಂಡಿಕಾದ ತೀರ ಹತ್ತಿರದ ಪೂರ್ವಜನದು, ಎಂದು ತಿಳಿಯುತ್ತದೆ. ಎಂದರೆ ಬಹು ಹಿಂದೆ ಇಂಡಿಕಾ ಇನ್ನೊಂದು ಹುಲ್ಲಿನೊಡನೆ ಕೂಡಿ, ವರ್ಣತಂತುಗಳು ಇಮ್ಮಡಿಯಾಗಿ, ಆಫ್ರಿಕಾನಾ ಹುಟ್ಟಿತು. ಆಫ್ರಿಕಾನಾವನ್ನು ಮನುಷ್ಯರು ಬೇಸಾಯಕ್ಕೆ ಒಳಪಡಿಸಿದುದರಿಂದ ರಾಗಿ ಹುಟ್ಟಿತು. ಎಲೆಯ ಹಸಿರುಕಣಗಳಲ್ಲಿರುವ ಆನುವಂಶಿಕ ದ್ರವ್ಯ ತಾಯಿಯಿಂದ ಮಾತ್ರ ಬರುವಂಥದು. ಅದನ್ನು ಹಿಲು ಅವರು ಪರೀಕ್ಷಿಸಿ, ಆ ಪುರಾತನ ಕೂಟದಲ್ಲಿ ಇಂಡಿಕಾವೇ ತಾಯಿಯ ಸ್ಥಾನದಲ್ಲಿತ್ತೆಂದು 1988ರಲ್ಲಿ ತೋರಿಸಿದರು. ತಂದೆಯ ಸ್ಥಾನದ ಹುಲ್ಲು ಯಾವುದೆಂಬುದು ಮಾತ್ರ ಇನ್ನೂ ಇತ್ಯರ್ಥವಾಗಿಲ್ಲ. 2017ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ವಿಜ್ಞಾನಿಗಳು ರಾಗಿಯ ಆನುವಂಶಿಕ ಲಿಪಿಯನ್ನು ಓದಿ ಪ್ರಕಟಿಸಿದರು. 2023ರಲ್ಲಿ ಅನೇಕ ದೇಶಗಳ ವಿಜ್ಞಾನಿಗಳ ತಂಡವೊಂದು ಇನ್ನೂ ಪೂರ್ಣವಾದ ಪಾಠವನ್ನು ಹೊರತಂದಿತು. ರಾಗಿಯೊಳಗೆ ಎರಡು ವಂಶಗಳಿವೆ, ಒಂದು ಇಂಡಿಕಾಕ್ಕೆ ಅತಿ ಸಮೀಪವಾದದ್ದು ಎಂಬ ಮಾತು ಈಗ ಸ್ಥಿರಪಟ್ಟಿದೆ.

ಹಾಗಾದರೆ ರಾಗಿ ಇಂಡಿಕಾದಿಂದ ಬಂದಿತೆಂದು ಹೇಳಿದ ಹಿರಿಯರು ಸಂಪೂರ್ಣವಾಗಿ ತಪ್ಪಿದರೇ? ಇಲ್ಲ. ಅವರು ಕಂಡ ಹೋಲಿಕೆ ನಿಜವಾದದ್ದು. ಅವರು ಅಜ್ಜಿಯನ್ನು ತಾಯಿಯೆಂದು ತಿಳಿದರು, ಅಷ್ಟೆ. ಆದರೆ ಇತಿಹಾಸದಲ್ಲಿ ಒಂದು ತಲೆಮಾರಿನ ತಪ್ಪು ಸಣ್ಣದಲ್ಲ. ಅಜ್ಜಿ ಇಂದು ಉಷ್ಣವಲಯದ ಎಲ್ಲ ದೇಶಗಳಲ್ಲಿಯೂ ನೆಲೆಸಿದ್ದಾಳೆ. ತಾಯಿ ಇರುವುದು ಆಫ್ರಿಕದಲ್ಲಿ. ಮನುಷ್ಯನು ಕಾಡುಹುಲ್ಲನ್ನು ಬೆಳೆಯಾಗಿ ಮಾಡಿಕೊಂಡದ್ದು ತಾಯಿಯ ಮನೆಯಲ್ಲಿಯೇ ಹೊರತು ಅಜ್ಜಿಯ ಮನೆಯಲ್ಲಿ ಅಲ್ಲ. ಎಲೂಸೈನ್ ಕುಲದ ಪ್ರಭೇದಗಳು ಸುಮಾರು ಹತ್ತು. ಅವುಗಳಲ್ಲಿ ಹೆಚ್ಚಿನವು ಆಫ್ರಿಕದವು. ಆದ್ದರಿಂದ ಭಾರತದ ಹೆಸರು ಹೊತ್ತ ಆ ಅಜ್ಜಿಯೂ ಮೂಲತಃ ಆಫ್ರಿಕದಿಂದಲೇ ಹೊರಟವಳೆಂದು ನಂಬಲು ಕಾರಣವುಂಟು.

೪. ಹಳ್ಳೂರಿನ ಕಾಳು

ಇಲ್ಲಿಯವರೆಗಿನದು ಸಸ್ಯಶಾಸ್ತ್ರದ ಸಾಕ್ಷ್ಯ. ಅದು ರಾಗಿ ಎಲ್ಲಿ ಹುಟ್ಟಿತೆಂಬುದನ್ನು ಹೇಳುತ್ತದೆಯೇ ಹೊರತು ಇಲ್ಲಿಗೆ ಯಾವಾಗ ಬಂದಿತೆಂಬುದನ್ನು ಹೇಳುವುದಿಲ್ಲ. ಅದಕ್ಕೆ ಉತ್ಖನನದ ನೆರವು ಬೇಕು.

ಹಾವೇರಿ ಜಿಲ್ಲೆಯಲ್ಲಿ ತುಂಗಭದ್ರೆಯ ದಡದ ಮೇಲಿರುವ ಹಳ್ಳೂರಿನಲ್ಲಿ ಎಂ. ಎಸ್. ನಾಗರಾಜರಾವ್ ಅವರು 1965ರಲ್ಲಿ ಉತ್ಖನನ ನಡೆಸಿದರು. ನವಶಿಲಾಯುಗದಿಂದ ಕಬ್ಬಿಣದ ಯುಗದವರೆಗಿನ ಪದರಗಳು ಅಲ್ಲಿ ದೊರೆತವು. ದಕ್ಷಿಣದಲ್ಲಿ ಕಬ್ಬಿಣದ ಬಳಕೆ ಕ್ರಿ. ಪೂ. 1000ದ ಸುಮಾರಿಗೇ ಇತ್ತೆಂಬ ಮಾತಿಗೆ ಹಳ್ಳೂರೇ ಆಧಾರವಾಯಿತು. 1971ರಲ್ಲಿ ಪ್ರಕಟವಾದ ವರದಿಯೊಡನೆ ವಿಷ್ಣು-ಮಿತ್ರೆಯವರು ಅಲ್ಲಿನ ಸುಟ್ಟ ಕಾಳುಗಳಲ್ಲಿ ರಾಗಿಯನ್ನು ಗುರುತಿಸಿದ ಸಂಗತಿಯೂ ಹೊರಬಂದಿತು. ಅಲ್ಲಿಂದ ಮುಂದೆ, ದಕ್ಷಿಣದ ನವಶಿಲಾಯುಗದ ಜನರು ರಾಗಿಯನ್ನು ಬೆಳೆದು ಉಣ್ಣುತ್ತಿದ್ದರೆಂಬ ವಾಕ್ಯ ಪಠ್ಯಪುಸ್ತಕಗಳಲ್ಲಿ ನೆಲೆಗೊಂಡಿತು. ನಾವೂ ತರಗತಿಗಳಲ್ಲಿ ಅದನ್ನು ಸಂದೇಹವಿಲ್ಲದೆ ಹೇಳಿಕೊಂಡು ಬಂದವರೇ. ಗುಜರಾತಿನ ರೋಜ್ಡಿ ಮೊದಲಾದ ಹರಪ್ಪ ಕಾಲದ ನೆಲೆಗಳಿಂದ ಇನ್ನೂ ಹಳೆಯ ರಾಗಿಯ ವರದಿಗಳು ಬಂದಾಗ ಆ ವಾಕ್ಯಕ್ಕೆ ಮತ್ತಷ್ಟು ಬಲ ಬಂದಂತಾಯಿತು.

ಅತ್ತ ಆಫ್ರಿಕದಲ್ಲಿ, ಇಥಿಯೋಪಿಯದ ಆಕ್ಸುಮಿನ ಬಳಿಯ ಗೊಬೆದ್ರ ಎಂಬ ಕಲ್ಲಾಸರೆಯಲ್ಲಿ 1970ರ ದಶಕದಲ್ಲಿ ರಾಗಿಯ ಕಾಳುಗಳು ದೊರೆತವು. ಅವು ಹಲವು ಸಾವಿರ ವರ್ಷ ಹಳೆಯವೆಂದು ಮೊದಲು ಎಣಿಸಲಾಗಿತ್ತು. ಆದರೆ ಕಾಳುಗಳನ್ನೇ ನೇರವಾಗಿ ಕಾಲನಿರ್ಣಯಕ್ಕೆ ಒಳಪಡಿಸಿದಾಗ, ಅವು ಈಚಿನ ಕಾಲದಲ್ಲಿ ಮೇಲಿನಿಂದ ಜಾರಿ ಹಳೆಯ ಪದರವನ್ನು ಸೇರಿದವೆಂದು ತಿಳಿಯಿತು. ಹೀಗಾಗಿ ಒಂದು ವಿಚಿತ್ರ ಪರಿಸ್ಥಿತಿ ಒದಗಿತು: ತವರಿನಲ್ಲಿ ಹಳೆಯ ಸಾಕ್ಷ್ಯವಿಲ್ಲ, ಹೋದೆಡೆಯಲ್ಲಿ ಅತಿ ಹಳೆಯ ಸಾಕ್ಷ್ಯಗಳ ರಾಶಿ.

ಈ ಗಂಟನ್ನು ಬಿಡಿಸುವುದರಲ್ಲಿ ಮತ್ತೆ ನಮ್ಮ ಕಾಡುಹುಲ್ಲುಗಳ ವಿಚಾರವೇ ನೆರವಾಯಿತು. ಡೋರಿಯನ್ ಫುಲ್ಲರ್ ಎಂಬ ಪ್ರಾಕ್ತನ ಸಸ್ಯಶಾಸ್ತ್ರಜ್ಞರು ಭಾರತದ ವರದಿಗಳನ್ನು ಮರುಪರೀಕ್ಷಿಸಿ 2003ರಲ್ಲಿ ತಮ್ಮ ವಿಮರ್ಶೆಯನ್ನು ಪ್ರಕಟಿಸಿದರು. ಸುಟ್ಟ ಕಾಳು ಉಬ್ಬಿ, ಸಿಡಿದು, ಆಕಾರ ಕಳೆದುಕೊಳ್ಳುತ್ತದೆ. ಅಂಥ ಸ್ಥಿತಿಯಲ್ಲಿ ಬೇರೆ ಸಣ್ಣ ಧಾನ್ಯಗಳ ಕಾಳೂ, ಹೊಲದ ಕಳೆಯಾದ ಇಂಡಿಕಾದ ಕಾಳೂ ರಾಗಿಯೆಂದು ಎಣಿಕೆಗೆ ಬರುವುದು ಸಾಧ್ಯ. ಕಾಳಿನ ಮೇಲ್ಮೈಯ ರಚನೆಯನ್ನು, ಎಂದರೆ ನಾವು ಮೇಲೆ ಹೇಳಿದ ಏಣುಗಳನ್ನೂ ಹರಳುಗಳನ್ನೂ, ಪರಿಶೀಲಿಸದೆ ರಾಗಿಯೆಂದು ಹೇಳಬಾರದೆಂಬುದು ಅವರ ವಾದದ ತಿರುಳು. ಈ ಒರೆಗಲ್ಲಿಗೆ ಹಚ್ಚಿದಾಗ ಹಿಂದಿನ ವರದಿಗಳಲ್ಲಿ ಬಹಳಷ್ಟು ನಿಲ್ಲಲಿಲ್ಲ. ನಿಂತ ಕೆಲವೇ ಸಾಕ್ಷ್ಯಗಳಲ್ಲಿ ಹಳ್ಳೂರಿನದು ಒಂದು; ಆದರೆ ಅದರ ಕಾಲವನ್ನು ಕ್ರಿ. ಪೂ. 1000ದ ಆಸುಪಾಸಿಗೆ ಇಳಿಸಿ ಹೇಳಬೇಕಾಯಿತು.

ಹಾಗಾದರೆ ನವಶಿಲಾಯುಗದ ಜನರು ಉಣ್ಣುತ್ತಿದ್ದುದೇನು? ಸಂಗನಕಲ್ಲು, ತೆಕ್ಕಲಕೋಟೆ, ಹಳ್ಳೂರು ಮೊದಲಾದ ನೆಲೆಗಳ ಬೂದಿಮಣ್ಣನ್ನು ನೀರಿನಲ್ಲಿ ತೇಲಿಸಿ ಪರೀಕ್ಷಿಸಿದಾಗ ಈ ಪ್ರಶ್ನೆಗೆ ಉತ್ತರ ದೊರೆಯಿತು. ಅಲ್ಲಿ ಹೇರಳವಾಗಿದ್ದುದು ಕೊರಲೆ, ನವಣೆಯ ಕುಲದ ಒಂದು ಅಂಟುಹುಲ್ಲಿನ ಕಾಳು, ಹುರುಳಿ ಮತ್ತು ಹೆಸರು. ಇವೇ ಈ ನೆಲದ ನಿಜವಾದ ಆದಿಬೆಳೆಗಳು. ರಾಗಿ ಆಮೇಲೆ ಬಂದ ಅತಿಥಿ.

೫. ಅತಿಥಿ ಮನೆಯವನಾದದ್ದು

ರಾಗಿ ಒಂಟಿಯಾಗಿ ಬಂದುದಲ್ಲ. ಜೋಳ, ಸಜ್ಜೆ, ಅವರೆ, ಅಲಸಂದೆಗಳ ಕಾಡುಮೂಲಗಳೂ ಆಫ್ರಿಕದಲ್ಲಿಯೇ ಇವೆ. ಅರಬ್ಬೀ ಸಮುದ್ರದ ಎರಡು ದಡಗಳ ನಡುವೆ ಐತಿಹಾಸಿಕ ಕಾಲಕ್ಕೂ ಬಹು ಹಿಂದೆ ನಡೆದ ಸಂಚಾರಕ್ಕೆ ಶಾಸನವಿಲ್ಲ, ಗ್ರಂಥವಿಲ್ಲ. ಈ ಕಾಳುಗಳೇ ಅದರ ಶಾಸನ. ಹಳೆಯ ಮೈಸೂರಿನ ಒಕ್ಕಲಿಗನು ರಾಗಿಯ ಹೊಲದಲ್ಲಿ ಅಕ್ಕಡಿ ಸಾಲು ಹೊಡೆದು ಅವರೆಯನ್ನು ಬಿತ್ತುವಾಗ, ಒಂದೇ ಖಂಡದಿಂದ ಬಂದ ಎರಡು ಬೆಳೆಗಳನ್ನು ತನಗರಿವಿಲ್ಲದೆ ಮತ್ತೆ ಒಂದೆಡೆ ಕೂಡಿಸುತ್ತಾನೆ.

ಹದಿನಾರನೆಯ ಶತಮಾನದ ಹೊತ್ತಿಗೆ ಈ ಅತಿಥಿ ಸಂಪೂರ್ಣವಾಗಿ ಮನೆಯವನಾಗಿದ್ದನು. ಕನಕದಾಸರ ರಾಮಧಾನ್ಯಚರಿತ್ರೆಯಲ್ಲಿ ಭತ್ತದೊಡನೆ ವಾದಿಸಿ ಶ್ರೀರಾಮನ ಮನ್ನಣೆಯನ್ನು ಪಡೆಯುವ ಧಾನ್ಯ ರಾಗಿಯೇ. ಆ ಕಾವ್ಯ ರಾಗಿಯ ಮೂಲಕ್ಕೆ ಸಾಕ್ಷ್ಯವಾಗಲಾರದು. ಆದರೆ ಬಡವರ ಬದುಕಿನಲ್ಲಿ ಅದು ಪಡೆದಿದ್ದ ಸ್ಥಾನಕ್ಕೆ ಅದಕ್ಕಿಂತ ಬಲವಾದ ಸಾಕ್ಷ್ಯ ಬೇರೊಂದಿಲ್ಲ.

ಮೂಲದ ಅರಿವು ಕೇವಲ ಪಾಂಡಿತ್ಯದ ವಿಷಯವೂ ಅಲ್ಲ. ರಾಗಿ ಲಕ್ಷ್ಮಣಯ್ಯನವರೆಂದೇ ಹೆಸರಾದ ಸಿ. ಎಚ್. ಲಕ್ಷ್ಮಣಯ್ಯನವರು ಮಂಡ್ಯದ ವಿಶ್ವೇಶ್ವರಯ್ಯ ನಾಲಾ ಬಯಲಿನ ಸಂಶೋಧನ ಕ್ಷೇತ್ರದಲ್ಲಿ ದುಡಿಯುತ್ತ, ನಾಡರಾಗಿಯನ್ನು ಆಫ್ರಿಕದ ರಾಗಿಯ ತಳಿಗಳೊಡನೆ ಸಂಕರ ಮಾಡಿದರು. ಭಾರತ ಮತ್ತು ಆಫ್ರಿಕಾ ಎಂಬ ಎರಡು ಹೆಸರುಗಳನ್ನೂ ಕೂಡಿಸಿ ಆ ಹೊಸ ತಳಿಗಳಿಗೆ ಇಂಡಾಫ್ ಎಂದು ಹೆಸರಿಡಲಾಯಿತು. ಮೂರು ಸಾವಿರ ವರ್ಷ ಅಗಲಿದ್ದ ಎರಡು ಶಾಖೆಗಳು ಮಂಡ್ಯದ ಮಣ್ಣಿನಲ್ಲಿ ಮತ್ತೆ ಕೂಡಿದುದರ ಫಲವಾಗಿ ನಮ್ಮ ರೈತರ ಇಳುವರಿ ಹೆಚ್ಚಿತು. ರಾಗಿ ನಮ್ಮದು ಮಾತ್ರವೆಂಬ ಅಭಿಮಾನಕ್ಕೆ ಕಟ್ಟುಬಿದ್ದಿದ್ದರೆ ಈ ಕೆಲಸಕ್ಕೆ ಯಾರೂ ಕೈಹಾಕುತ್ತಿರಲಿಲ್ಲ.

೬. ಉಪಸಂಹಾರ

ಈ ಚರ್ಚೆಯಿಂದ ಇತಿಹಾಸದ ಅಭ್ಯಾಸಿಗಳು ಗ್ರಹಿಸಬೇಕಾದ ಅಂಶಗಳು ಮೂರೆಂದು ನಮಗೆ ತೋರುತ್ತದೆ. ಮೊದಲನೆಯದು, ವಸ್ತುವಿನ ಹೆಸರನ್ನು ಅದರ ಚರಿತ್ರೆಯೆಂದು ಭಾವಿಸಬಾರದು. ಇಂಡಿಕಾ ಎಂಬ ಹೆಸರೂ ರಾಜಿಕಾ ಎಂಬ ಪದವೂ ನಮ್ಮನ್ನು ಒಂದೇ ಬಗೆಯಲ್ಲಿ ದಾರಿತಪ್ಪಿಸಿದವು. ಎರಡನೆಯದು, ಉತ್ಖನನದ ವರದಿಯಲ್ಲಿ ಧಾನ್ಯದ ಹೆಸರನ್ನು ಕಂಡೊಡನೆ ಅದನ್ನು ಉದ್ಧರಿಸುವ ಮುನ್ನ, ಆ ಗುರುತು ಯಾವ ಲಕ್ಷಣದ ಮೇಲೆ ನಿಂತಿದೆ, ಕಾಲವನ್ನು ಕಾಳಿನಿಂದ ನಿರ್ಣಯಿಸಿದರೋ ಪದರದಿಂದ ನಿರ್ಣಯಿಸಿದರೋ ಎಂದು ಕೇಳಬೇಕು. ಮೂರನೆಯದು, ಒಂದು ಬೆಳೆ ಹೊರಗಿನಿಂದ ಬಂದಿತೆಂದು ಒಪ್ಪುವುದರಿಂದ ಅದು ನಮ್ಮದಾಗದೆ ಹೋಗುವುದಿಲ್ಲ. ಇಂದು ಭಾರತದಲ್ಲಿ ರಾಗಿಯನ್ನು ಅತ್ಯಧಿಕವಾಗಿ ಬೆಳೆಯುವ ರಾಜ್ಯ ಕರ್ನಾಟಕವೇ. ಆ ಹಿರಿಮೆ ಮೂರು ಸಹಸ್ರ ವರ್ಷಗಳ ದುಡಿಮೆಯಿಂದ ಬಂದದ್ದು. ಅದಕ್ಕೆ ಜನ್ಮಸ್ಥಾನದ ಪ್ರಮಾಣಪತ್ರ ಬೇಕಾಗಿಲ್ಲ.

ಕಡೆಯದಾಗಿ ಒಂದು ಮಾತು. ಮುಂಗಾರು ಕಳೆದ ಮೇಲೆ ರಾಗಿಯ ಹೊಲಕ್ಕೆ ಹೋಗುವ ವಿದ್ಯಾರ್ಥಿ, ಕಳೆ ಕೀಳುವ ಹೆಂಗಸರು ಎಳೆಯ ಪೈರುಗಳ ನಡುವೆ ಬುಡ ಚಪ್ಪಟೆಯಾಗಿರುವ ಗಿಡವನ್ನೇ ಆರಿಸಿ ಕೀಳುವುದನ್ನು ಗಮನಿಸಬೇಕು. ಹಸಿರಾಗಿ ನಿಂತಿರುವಾಗ ಬೆಳೆಯನ್ನೂ ಕಳೆಯನ್ನೂ ಅವರ ಬೆರಳುಗಳು ಕ್ಷಣದಲ್ಲಿ ಬೇರ್ಪಡಿಸುತ್ತವೆ. ಸುಟ್ಟು ಕರಿಕಾದ ಕಾಳುಗಳ ನಡುವೆ ಅದೇ ಭೇದವನ್ನು ಕಾಣಲು ನಮ್ಮ ವಿದ್ವತ್ತಿಗೆ ಬಹಳ ವರ್ಷಗಳು ಹಿಡಿದವು. ಪ್ರಾಚೀನ ಬೇಸಾಯದ ಚರಿತ್ರೆಯನ್ನು ಬರೆಯ ಹೊರಟವರು ಗ್ರಂಥಭಂಡಾರದೊಡನೆ ಹೊಲವನ್ನೂ ಆಶ್ರಯಿಸಬೇಕೆಂಬುದು ನಮ್ಮ ನಮ್ರವಾದ ಸೂಚನೆ.